ಹೇಳದೆ ಉಳಿಸಿದ ಮಾತು: ‘ಬ್ಯಾಬಿಲಾನ್ 5’ ಅಭಿಮಾನಿಗಳ ಯೂಸ್‌ನೆಟ್ ಚರ್ಚೆ

ಅಮೆರಿಕದ ವಿಜ್ಞಾನಕಥಾ ಧಾರಾವಾಹಿ ‘ಬ್ಯಾಬಿಲಾನ್ 5’ರ ಮೂರನೆಯ ಸೀಸನ್ನಿನಲ್ಲಿ ‘ಪಾಸಿಂಗ್ ಥ್ರೂ ಗೆತ್ಸೆಮನಿ’ ಎಂಬ ಕಂತು ಬರುತ್ತದೆ. ಬಾಹ್ಯಾಕಾಶ ನಿಲ್ದಾಣದಲ್ಲಿ ನೆಲೆಸಿರುವ ಕ್ರೈಸ್ತ ಸನ್ಯಾಸಿ ಎಡ್ವರ್ಡ್‌ಗೆ ತನ್ನ ಪೂರ್ವವೃತ್ತಾಂತ ತಿಳಿದುಬರುವುದೇ ಅದರ ಕಥೆ. ಆತ ಹಿಂದೆ ಸರಣಿ ಕೊಲೆಗಾರನಾಗಿದ್ದ. ಶಿಕ್ಷೆಯ ರೂಪದಲ್ಲಿ ಅವನ ನೆನಪನ್ನೂ ವ್ಯಕ್ತಿತ್ವವನ್ನೂ ಅಳಿಸಿ ಹೊಸ ಮನುಷ್ಯನನ್ನಾಗಿ ಮಾಡಲಾಗಿತ್ತು. 1995ರ ನವೆಂಬರಿನಲ್ಲಿ ಪ್ರಸಾರವಾದ ಈ ಕಂತು ಅದಕ್ಕೂ ಮೊದಲೇ ಬರಬೇಕಿತ್ತು. ಧಾರಾವಾಹಿಯ ಸೃಷ್ಟಿಕರ್ತರೂ ಮುಖ್ಯ ಲೇಖಕರೂ ಆದ ಜೆ. ಮೈಕೆಲ್ ಸ್ಟ್ರಾಝಿನ್ಸ್ಕಿ ಈ ಕಥೆಯನ್ನು ಯೋಚಿಸಿಟ್ಟುಕೊಂಡಿದ್ದಾಗ, ಆನ್‌ಲೈನ್ ಚರ್ಚೆಯಲ್ಲಿ ಅಭಿಮಾನಿಯೊಬ್ಬರು ಸಹಜವಾಗಿ ಇದೇ ಸಾಧ್ಯತೆಯನ್ನು ಬರೆದುಬಿಟ್ಟರು. ಕಥೆಯನ್ನು ಅಲ್ಲಿಗೇ ಬದಿಗಿಡಬೇಕಾಯಿತು. ಆ ಕಲ್ಪನೆಯ ಮೇಲೆ ತಾನು ಹಕ್ಕು ಸಾಧಿಸುವುದಿಲ್ಲವೆಂದು ಆ ಅಭಿಮಾನಿ ನೋಟರಿಯ ಮುದ್ರೆಯೊಂದಿಗೆ ಬರೆದುಕೊಟ್ಟ ಮೇಲಷ್ಟೇ ಅದು ತೆರೆಗೆ ಬರಲು ದಾರಿಯಾಯಿತು.

ಇದನ್ನು ಸ್ವಾರಸ್ಯದ ಉಪಕಥೆಯೆಂದು ಹೇಳಿ ಮುಂದೆ ಹೋಗುವುದು ವಾಡಿಕೆ. ಈ ಲೇಖನದ ವಾದ ಹುಟ್ಟುವುದೇ ಇಲ್ಲಿಂದ. ಅಭಿಮಾನಿಗಳ ಕುರಿತ ವಿದ್ವತ್ ಬರಹ ಬಹುಮಟ್ಟಿಗೆ ಅವರು ಏನು ಹೇಳಿದರು, ಏನು ಸೃಷ್ಟಿಸಿದರು ಎಂಬುದರ ಸುತ್ತ ಬೆಳೆದಿದೆ. ಹೆನ್ರಿ ಜೆಂಕಿನ್ಸ್ 1992ರ ‘ಟೆಕ್ಸ್‌ಚುವಲ್ ಪೋಚರ್ಸ್’ ಕೃತಿಯಲ್ಲಿ ಅಭಿಮಾನಿಗಳನ್ನು ಬೇರೆಯವರ ಕಾಡಿನಲ್ಲಿ ಕದ್ದು ಬೇಟೆಯಾಡುವವರೆಂದು ಕಂಡರು. ಸಿದ್ಧಪಠ್ಯದಿಂದ ತಮಗೆ ಬೇಕಾದ್ದನ್ನು ತೆಗೆದುಕೊಂಡು ಹೊಸದನ್ನು ಕಟ್ಟುವವರು ಅವರು. ನ್ಯಾನ್ಸಿ ಬೇಮ್ ತಮ್ಮ ‘ಟ್ಯೂನ್ ಇನ್, ಲಾಗ್ ಆನ್’ (2000) ಪುಸ್ತಕದಲ್ಲಿ ಯೂಸ್‌ನೆಟ್‌ನ ಕೌಟುಂಬಿಕ ಧಾರಾವಾಹಿ ಗುಂಪೊಂದನ್ನು ಬಹುಕಾಲ ಗಮನಿಸಿ, ಪಾತ್ರಗಳನ್ನು ಒಟ್ಟಾಗಿ ಅರ್ಥೈಸುವ ಮಾತುಕತೆಯೇ ಅಲ್ಲಿನ ಬಾಂಧವ್ಯಕ್ಕೆ ತಳಹದಿಯೆಂದು ತೋರಿಸಿದರು. ಕರ್ಟ್ ಲ್ಯಾಂಕಾಸ್ಟರ್ 2001ರಲ್ಲಿ ‘ಬ್ಯಾಬಿಲಾನ್ 5’ ಕುರಿತೇ ಬರೆದ ಗ್ರಂಥದ ಕೇಂದ್ರದಲ್ಲಿರುವುದು ಅಭಿಮಾನಿಗಳ ಅಭಿನಯ, ಆಟ, ಬರವಣಿಗೆ. ಇವರೆಲ್ಲರ ಋಣ ಈ ಲೇಖನದ ಮೇಲಿದೆ. ಆದರೂ ‘ಬ್ಯಾಬಿಲಾನ್ 5’ರ ಮಟ್ಟಿಗೆ ಹೇಳುವುದಾದರೆ, ಯಾವುದನ್ನು ಆಡಬಾರದು ಎಂದು ಆ ಸಮುದಾಯ ತನಗೆ ತಾನೇ ವಿಧಿಸಿಕೊಂಡ ಕಟ್ಟುಪಾಡೇ ಅದಕ್ಕೆ ರೂಪ ಕೊಟ್ಟಿತು. ಆ ಕಟ್ಟುಪಾಡುಗಳ ಹಿಂದೆ ಕಾನೂನು, ಪ್ರಸಾರದ ವೇಳಾಪಟ್ಟಿ, ಒಬ್ಬ ಮನುಷ್ಯನ ಕಾಯಿಲೆ ಹೀಗೆ ಕೈಗೆ ಸಿಗುವಂಥ ಕಾರಣಗಳಿದ್ದವು.

ಧಾರಾವಾಹಿಯ ಸ್ವರೂಪ ತಿಳಿಯದೆ ಇದು ಅರ್ಥವಾಗುವುದು ಕಷ್ಟ. 1993ರ ಫೆಬ್ರವರಿಯಲ್ಲಿ ಪೈಲಟ್ ಚಿತ್ರ ಬಂತು. 1994ರ ಜನವರಿಯಿಂದ 1998ರ ನವೆಂಬರ್‌ವರೆಗೆ ಐದು ಸೀಸನ್‌ಗಳಲ್ಲಿ 110 ಕಂತುಗಳು ಪ್ರಸಾರವಾದವು. ಅವುಗಳಲ್ಲಿ 92ನ್ನು ಬರೆದವರು ಸ್ಟ್ರಾಝಿನ್ಸ್ಕಿ. ಮೂರನೆಯ ಮತ್ತು ನಾಲ್ಕನೆಯ ಸೀಸನ್‌ಗಳಂತೂ ಪೂರ್ತಿ ಅವರೊಬ್ಬರದೇ ಬರವಣಿಗೆ. ಆ ಕಾಲದ ಅಮೆರಿಕನ್ ಟೆಲಿವಿಷನ್ನಿನಲ್ಲಿ ಒಂದು ಕಂತಿನ ಬಿಕ್ಕಟ್ಟು ಅದೇ ಕಂತಿನಲ್ಲಿ ಬಗೆಹರಿದು, ಮುಂದಿನ ವಾರಕ್ಕೆ ಎಲ್ಲವೂ ಮೊದಲಿನ ಸ್ಥಿತಿಗೆ ಮರಳುವುದೇ ಹೆಚ್ಚು. ‘ಬ್ಯಾಬಿಲಾನ್ 5’ ಮಾತ್ರ ಐದು ವರ್ಷಗಳ ಒಂದೇ ಕಾದಂಬರಿಯೆಂದು ಮೊದಲೇ ಯೋಜಿತವಾಗಿತ್ತು. ಕಥೆಯ ಹಿನ್ನೆಲೆಯ ಯುದ್ಧವೊಂದರ ಕೊನೆಯ ದಿನ ನಿಲ್ದಾಣದ ಕಮಾಂಡರ್ ಸಿಂಕ್ಲೇರ್‌ನ ನೆನಪಿನಿಂದ ಕಳೆದುಹೋದ ಇಪ್ಪತ್ತನಾಲ್ಕು ಗಂಟೆಗಳ ಒಗಟು ಪೈಲಟ್ ಚಿತ್ರದಲ್ಲೇ ಕಾಣಿಸಿಕೊಳ್ಳುತ್ತದೆ. ಅದರ ಎಳೆ ಪೂರ್ತಿ ಬಿಚ್ಚಿಕೊಳ್ಳುವುದು 1996ರ ‘ವಾರ್ ವಿದೌಟ್ ಎಂಡ್’ ಕಂತುಗಳಲ್ಲಿ. ಹೀಗಾಗಿ ಇಲ್ಲಿ ಪ್ರೇಕ್ಷಕರ ಊಹೆಗೆ ತೂಕವಿತ್ತು. ಊಹಿಸಿದ್ದು ಸರಿಯೋ ತಪ್ಪೋ ಎಂದು ಬಲ್ಲವರು ಒಬ್ಬರಿದ್ದರು, ಅವರು ಅದೇ ಚರ್ಚೆಯಲ್ಲಿ ಕೂತಿದ್ದರು.

ಸ್ಟ್ರಾಝಿನ್ಸ್ಕಿ 1991ರಷ್ಟು ಹಿಂದೆಯೇ, ಧಾರಾವಾಹಿಯ ಒಂದು ದೃಶ್ಯವೂ ಚಿತ್ರೀಕರಣವಾಗುವ ಮೊದಲು, ಜೀನಿ ಎಂಬ ಶುಲ್ಕಸಹಿತ ಆನ್‌ಲೈನ್ ಸೇವೆಯಲ್ಲಿ ವಿಜ್ಞಾನಕಥೆಯ ಓದುಗರೊಂದಿಗೆ ಮಾತಿಗಿಳಿದಿದ್ದರು. ಆಮೇಲೆ ಕಂಪ್ಯೂಸರ್ವ್, ಯೂಸ್‌ನೆಟ್‌ಗಳಿಗೂ ಬಂದರು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು 1979ರಲ್ಲಿ ಯೋಜಿಸಿದ ಯೂಸ್‌ನೆಟ್‌ಗೆ ಕೇಂದ್ರ ಕಚೇರಿಯಿಲ್ಲ, ಒಡೆಯನಿಲ್ಲ. ಒಬ್ಬರು ಬರೆದ ಸಂದೇಶ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ನಕಲಾಗುತ್ತ ಜಗತ್ತನ್ನು ಸುತ್ತುತ್ತಿತ್ತು. ವಿಷಯಾನುಸಾರ ಸಾವಿರಾರು ಗುಂಪುಗಳಿದ್ದವು. ವಿದೇಶದಲ್ಲಿದ್ದ ಕನ್ನಡಿಗರು ರೋಮನ್ ಅಕ್ಷರಗಳಲ್ಲೇ ಕನ್ನಡವನ್ನು ಬರೆದುಕೊಂಡು ಸೇರುತ್ತಿದ್ದ ಸೋಕ್.ಕಲ್ಚರ್.ಇಂಡಿಯನ್.ಕರ್ನಾಟಕ ಈ ಜಾಲದ್ದೇ ಒಂದು ಕವಲು. ರೆಕ್.ಆರ್ಟ್ಸ್.ಎಸ್‌ಎಫ್.ಟಿವಿ.ಬ್ಯಾಬಿಲಾನ್5 ಎಂಬ ಗುಂಪಿನ ವಿಶೇಷವೆಂದರೆ, ಬರೆದವರೇ ಅಲ್ಲಿ ದಿನನಿತ್ಯ ಸಿಗುತ್ತಿದ್ದರು. ‘ಸ್ಟಾರ್ ಟ್ರೆಕ್’ ನಿಲ್ಲದಿರಲೆಂದು 1968ರಲ್ಲಿ ಅಭಿಮಾನಿಗಳು ಪತ್ರ ಚಳವಳಿ ನಡೆಸಿದಾಗ ಅವರ ಕಾಗದಗಳು ಹೋಗಿ ಸೇರಿದ್ದು ವಾಹಿನಿಯ ಕಚೇರಿಯನ್ನು. ಇಲ್ಲಾದರೋ ಕಂತು ನೋಡಿದವರು ಕೇಳಿದ ಪ್ರಶ್ನೆಗೆ ಲೇಖಕರೇ ಉತ್ತರ ಬರೆಯುತ್ತಿದ್ದರು.

ಆ ಸಾಮೀಪ್ಯವೇ ತೊಡಕಾಯಿತು. ಅಮೆರಿಕದ ಕೃತಿಸ್ವಾಮ್ಯ ಕಾಯಿದೆ ರಕ್ಷಿಸುವುದು ಅಭಿವ್ಯಕ್ತಿಯನ್ನು. ಬರಿಯ ಕಲ್ಪನೆಗೆ ಅದರ ರಕ್ಷಣೆಯಿಲ್ಲ. ಆದರೆ ದಾವೆ ಹೂಡುವವರಿಗೆ ಅಷ್ಟು ಖಚಿತವಾದ ಆಧಾರ ಬೇಕಿಲ್ಲ, ಗೆದ್ದ ದಾವೆಗೂ ಹಣ ಸುರಿಯಲೇಬೇಕು. ಅದಕ್ಕಾಗಿ ಸ್ಟುಡಿಯೋಗಳು ತಾವು ಕೇಳದೆ ಬಂದ ಹಸ್ತಪ್ರತಿಗಳನ್ನು ಲಕೋಟೆ ಒಡೆಯದೆ ಹಿಂದಿರುಗಿಸುತ್ತವೆ. ಯೂಸ್‌ನೆಟ್ ಸಂದೇಶಕ್ಕೆ ಲಕೋಟೆಯೆಲ್ಲಿದೆ? ಪರದೆಯ ಮೇಲೆ ಮೂಡಿತೆಂದರೆ ಓದಿದಂತೆಯೇ. ಆದ್ದರಿಂದ ಆ ಲಕೋಟೆಯ ಕೆಲಸವನ್ನು ಅಭಿಮಾನಿಗಳು ಹೊತ್ತುಕೊಂಡರು. ಸ್ಟ್ರಾಝಿನ್ಸ್ಕಿ ಓದುವ ಕಡೆ ಕಥೆಯ ಕಲ್ಪನೆಗಳನ್ನು ಹಾಕಬಾರದು ಎಂಬುದು ಮೊದಲ ನಿಯಮವಾಯಿತು. ಹೊಸಬರು ತಿಳಿಯದೆ ಬರೆದರೆ ಹಳಬರು ತಡೆಯುತ್ತಿದ್ದರು. 1996ರಲ್ಲಿ ಮಾಡರೇಟರ್‌ಗಳಿರುವ ಪ್ರತ್ಯೇಕ ಗುಂಪು ಹುಟ್ಟಿದಾಗ, ಪ್ರತಿ ಸಂದೇಶವನ್ನೂ ಮೊದಲು ಓದಿ ಕಥಾಕಲ್ಪನೆಯಿದ್ದದ್ದನ್ನು ಬೇರ್ಪಡಿಸುವುದು ಆ ಸ್ವಯಂಸೇವಕರ ಹೊಣೆಯಾಯಿತು.

ನಿಯಮ ಕೇಳಲು ಸರಳ, ಪಾಲಿಸಲು ಬಹಳ ಕಷ್ಟ. ಮುಂದೇನಾಗಬಹುದು ಎಂಬ ಊಹೆ ಚರ್ಚೆಯ ಜೀವಾಳ. ಹೀಗಾದರೆ ಹೇಗೆ ಎಂಬ ಕಲ್ಪನೆ ನಿಷಿದ್ಧ. ಇವೆರಡರ ನಡುವಿನ ಗೆರೆ ಎಲ್ಲಿ? ಮೊದಲ ಸೀಸನ್ನಿನಲ್ಲಿ ವ್ಯಕ್ತಿತ್ವ ಅಳಿಸುವ ಶಿಕ್ಷೆಯನ್ನು ತೋರಿಸಿದ ಮೇಲೆ, ಹಾಗೆ ಅಳಿಸಿಹೋದವನಿಗೆ ಸತ್ಯ ತಿಳಿದರೆ ಏನಾದೀತು ಎಂದು ಯಾವ ಸೂಕ್ಷ್ಮ ಪ್ರೇಕ್ಷಕನಿಗೂ ಅನ್ನಿಸೀತು. ಅದು ಕಳ್ಳಬೇಟೆಯಲ್ಲ, ಶ್ರದ್ಧೆಯಿಂದ ನೋಡಿದ್ದರ ಫಲ. ಕೃತಿಯ ತರ್ಕವನ್ನು ಒಳಹೊಕ್ಕು ಅರಿತ ಪ್ರೇಕ್ಷಕನೇ ಲೇಖಕನಿಗೆ ಹೆಚ್ಚು ಅಪಾಯಕಾರಿಯಾದ ಪರಿಸ್ಥಿತಿ ಇದು, ಏಕೆಂದರೆ ಇಬ್ಬರೂ ಒಂದೇ ತರ್ಕ ಹಿಡಿದು ಒಂದೇ ಕಡೆ ತಲುಪುತ್ತಾರೆ. ಜೆಂಕಿನ್ಸ್ ಕೊಟ್ಟ ಮಾದರಿಯಲ್ಲಿ ಇದಕ್ಕೆ ಜಾಗ ಸಾಲದು. ಸ್ಟುಡಿಯೋದ ಭಯ ಅಭಿಮಾನಿಗಳ ನಾಲಿಗೆಯವರೆಗೂ ಚಾಚಿತು ಎಂದು ಆಕ್ಷೇಪಿಸಬಹುದು, ಆಕ್ಷೇಪದಲ್ಲಿ ಹುರುಳಿದೆ. ಆದರೂ ಆ ನಿಯಮವನ್ನು ಕಾದವರಿಗೆ ಧಾರಾವಾಹಿಯ ಸ್ಟುಡಿಯೋ ವಾರ್ನರ್ ಬ್ರದರ್ಸ್ ಸಂಬಳ ಕೊಡುತ್ತಿರಲಿಲ್ಲ. ಅವರಿಗೆ ಕಥೆಯ ಉಳಿದ ಭಾಗ ಬೇಕಿತ್ತು, ಅದನ್ನು ಬರೆಯುವವರು ಎದ್ದುಹೋಗದೆ ಅಲ್ಲೇ ಇರಬೇಕಿತ್ತು. ಅದಕ್ಕೆ ತಮ್ಮ ಕಲ್ಪನೆಯ ಒಂದು ಪಾಲನ್ನು ಹೊರಗಿಟ್ಟು ಬರಲು ಒಪ್ಪಿದರು. ಇದನ್ನು ಶರಣಾಗತಿಯೆಂದು ಕರೆಯಲು ನನಗೆ ಮನಸ್ಸಿಲ್ಲ. ಕೃತಿಯೊಂದು ಪೂರ್ಣವಾಗಲೆಂದು ಓದುಗ ಮಾಡಬಹುದಾದ ಗಂಭೀರವಾದ ಕೆಲಸ ಅದು.

ಎರಡನೆಯ ಕಟ್ಟುಪಾಡು ಕಥೆಯ ಗುಟ್ಟನ್ನು ಮೊದಲೇ ಬಯಲು ಮಾಡುವ ಸ್ಪಾಯ್ಲರ್‌ಗೆ ಸಂಬಂಧಿಸಿದ್ದು. ಇಂದು ಈ ಪದ ಎಲ್ಲರ ಬಾಯಲ್ಲೂ ಇದೆ, ಆದರೆ ಆಗ ಅದರ ಹಿಂದಿದ್ದ ಕಾರಣ ಪ್ರಸಾರ ವ್ಯವಸ್ಥೆಯದು. ಮೊದಲ ನಾಲ್ಕು ಸೀಸನ್‌ಗಳನ್ನು ಹಂಚಿದ ಪ್ರಸಾರ ಜಾಲ ಪಿಟಿಇಎನ್‌ಗೆ ತನ್ನದೇ ಪೂರ್ಣಪ್ರಮಾಣದ ವಾಹಿನಿಯಿರಲಿಲ್ಲ; ಊರೂರಿನ ಸ್ಥಳೀಯ ಕೇಂದ್ರಗಳು ಒಂದೇ ಕಂತನ್ನು ಆ ವಾರದ ಬೇರೆ ಬೇರೆ ದಿನಗಳಲ್ಲಿ ಬಿತ್ತರಿಸುತ್ತಿದ್ದವು. ಸಾಲದ್ದಕ್ಕೆ ಎರಡನೆಯ ಮತ್ತು ಮೂರನೆಯ ಸೀಸನ್‌ಗಳ ಕೊನೆಯ ಕೆಲವು ಕಂತುಗಳನ್ನು ಅಮೆರಿಕದಲ್ಲಿ ತಿಂಗಳುಗಟ್ಟಲೆ ತಡೆಹಿಡಿಯಲಾಯಿತು, ಬ್ರಿಟನ್ನಿನ ಚಾನೆಲ್ 4 ಮಾತ್ರ ಅವನ್ನು ಬೇಸಿಗೆಯಲ್ಲೇ ತೋರಿಸಿತು. ಅಮೆರಿಕದ ಧಾರಾವಾಹಿಯ ಅತಿ ಮುಖ್ಯ ತಿರುವುಗಳು ಲಂಡನ್ನಿನ ಪ್ರೇಕ್ಷಕನಿಗೆ ಮೊದಲು ಗೊತ್ತಾದವು. ಯೂಸ್‌ನೆಟ್‌ನಲ್ಲಿ ಇಬ್ಬರೂ ಓದುತ್ತಿದ್ದುದು ಅದೇ ಗುಂಪನ್ನು.

ಇದಕ್ಕೆ ಕಂಡುಕೊಂಡ ಪರಿಹಾರಗಳನ್ನು ಹತ್ತಿರದಿಂದ ನೋಡಬೇಕು. ಸಂದೇಶದ ಶೀರ್ಷಿಕೆಯಲ್ಲೇ ‘ಸ್ಪಾಯ್ಲರ್’ ಎಂದು ನಮೂದಿಸಿ, ಕಂತಿನ ಹೆಸರು ಬರೆದು, ಕೆಳಗೆ ಖಾಲಿ ಸಾಲುಗಳನ್ನು ಬಿಡುತ್ತಿದ್ದರು. ಅಂದಿನ ಟರ್ಮಿನಲ್ ಪರದೆಯಲ್ಲಿ ಸಾಮಾನ್ಯವಾಗಿ ಹಿಡಿಯುತ್ತಿದ್ದುದು 24 ಸಾಲು. ಅಷ್ಟು ಖಾಲಿ ಬಿಟ್ಟರೆ, ಓದುವವರು ಸ್ಪೇಸ್ ಕೀಲಿ ಒತ್ತುವವರೆಗೂ ಗುಟ್ಟು ಪರದೆಯ ಕೆಳಗೆ ಅವಿತಿರುತ್ತಿತ್ತು. ಪುಟ ಒಡೆಯುವ ಕಂಟ್ರೋಲ್-ಎಲ್ ಚಿಹ್ನೆಯನ್ನು ಇಟ್ಟರೆ ಅಷ್ಟು ಸಾಲುಗಳ ಗೊಡವೆಯೂ ಇರುತ್ತಿರಲಿಲ್ಲ. ಇನ್ನೂ ಸೂಕ್ಷ್ಮವಾದದ್ದಕ್ಕೆ ರಾಟ್13 ಎಂಬ ಉಪಾಯವಿತ್ತು. ಇಂಗ್ಲಿಷ್ ವರ್ಣಮಾಲೆಯಲ್ಲಿ ಪ್ರತಿ ಅಕ್ಷರವನ್ನೂ ಹದಿಮೂರು ಸ್ಥಾನ ಮುಂದೂಡುವುದು. ‘ಎ’ ಇದ್ದಲ್ಲಿ ‘ಎನ್’, ‘ಬಿ’ ಇದ್ದಲ್ಲಿ ‘ಓ’. ಅಕ್ಷರಗಳು 26 ಆದ್ದರಿಂದ ಅದೇ ಕ್ರಿಯೆಯನ್ನು ಮತ್ತೊಮ್ಮೆ ಮಾಡಿದರೆ ಮೂಲ ಪಠ್ಯ ಮರಳುತ್ತದೆ. ಗುಟ್ಟು ಕಾಯಲು ಇದು ಏನೇನೂ ಸಾಲದು, ಯಾರು ಬೇಕಾದರೂ ಬಿಡಿಸಬಹುದು. ಅದರ ಉದ್ದೇಶವೇ ಬೇರೆ. ತಿಳಿದುಕೊಳ್ಳುವ ನಿರ್ಧಾರ ಓದುಗನ ಕೈಯಲ್ಲಿರಲಿ, ಕಣ್ಣು ತಪ್ಪಿ ಬಿದ್ದದ್ದರಿಂದ ಯಾರ ಅನುಭವವೂ ಕೆಡದಿರಲಿ ಎಂಬ ಕಾಳಜಿಗೆ ಸಿಕ್ಕಿದ ತಾಂತ್ರಿಕ ರೂಪ ಅದು. ಮುಖ ಕಾಣದ, ಪರಿಚಯವಿಲ್ಲದ ಇನ್ನೊಬ್ಬ ಪ್ರೇಕ್ಷಕನಿಗೆ ಕಥೆ ಮೊದಲ ಸಲ ತಟ್ಟುವ ಗಳಿಗೆಯನ್ನು ಕಾದಿಡುವುದು ಇಲ್ಲಿ ಶಿಷ್ಟಾಚಾರವಾಯಿತು.

ಈ ಸಂಯಮವನ್ನು ಅತಿಯಾಗಿ ಹೊಗಳಬಾರದು. 1993ರ ಜನವರಿಯಲ್ಲೇ ಆರಂಭವಾದ ‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ ಕೂಡ ಬಾಹ್ಯಾಕಾಶ ನಿಲ್ದಾಣದ ಕಥೆ, ಯಾರು ಯಾರನ್ನು ಅನುಕರಿಸಿದರೆಂಬ ಜಗಳ ವರ್ಷಗಟ್ಟಲೆ ನಡೆಯಿತು. ಐದನೆಯ ಸೀಸನ್ನಿಗೆ ಮೊದಲು, 1997ರಲ್ಲಿ, ನಟಿ ಕ್ಲಾಡಿಯಾ ಕ್ರಿಶ್ಚಿಯನ್ ಹೊರನಡೆದಾಗ ಎರಡು ಬಣಗಳೇ ಆದವು. ಮಾಡರೇಟರ್‌ಗಳಿಲ್ಲದ ಗುಂಪಿನ ಕೆಸರೆರಚಾಟಕ್ಕೆ ಬೇಸತ್ತು ಸ್ಟ್ರಾಝಿನ್ಸ್ಕಿ ಅಲ್ಲಿಂದ ಹೊರಬಿದ್ದದ್ದೂ ಉಂಟು.

ಲೇಖಕರ ಕಡೆಯಿಂದಲೂ ಒಂದು ಮೌನವಿತ್ತು, ಅದು ಎಲ್ಲಕ್ಕಿಂತ ದೀರ್ಘವಾದದ್ದು. ಮೊದಲ ಸೀಸನ್ನಿನ ನಾಯಕ ಸಿಂಕ್ಲೇರ್ ಪಾತ್ರಧಾರಿ ಮೈಕೆಲ್ ಒ’ಹೇರ್ ಆ ಸೀಸನ್ ಮುಗಿಯುತ್ತಲೇ ಹೊರಟರು. ಬ್ರೂಸ್ ಬಾಕ್ಸ್‌ಲೈಟ್ನರ್ ಹೊಸ ನಾಯಕನಾಗಿ ಬಂದರು. ಕಾರಣವೇನೆಂದು ಅಭಿಮಾನಿಗಳು ಕೇಳಿಯೇ ಕೇಳಿದರು. ಪರಸ್ಪರ ಒಪ್ಪಿಗೆಯಿಂದ, ಸೌಹಾರ್ದದಿಂದ ಆದ ಬೇರ್ಪಡೆ ಎಂಬುದರ ಆಚೆಗೆ ಉತ್ತರ ಹೋಗಲಿಲ್ಲ. ಒ’ಹೇರ್ 2012ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಮರುವರ್ಷ ಫೀನಿಕ್ಸ್ ನಗರದ ಅಭಿಮಾನಿ ಸಮಾವೇಶದಲ್ಲಿ ಸ್ಟ್ರಾಝಿನ್ಸ್ಕಿ ನಿಜ ಸಂಗತಿ ತಿಳಿಸಿದರು. ಚಿತ್ರೀಕರಣದ ಕಾಲದಲ್ಲೇ ಒ’ಹೇರ್ ತೀವ್ರ ಮಾನಸಿಕ ಕಾಯಿಲೆಯಿಂದ, ಭ್ರಮೆಗಳಿಂದ ಬಳಲುತ್ತಿದ್ದರು. ಚಿಕಿತ್ಸೆಗಾಗಿ ಚಿತ್ರೀಕರಣ ನಿಲ್ಲಿಸುವುದಾಗಿ ಸ್ಟ್ರಾಝಿನ್ಸ್ಕಿ ಹೇಳಿದರೂ, ಉಳಿದವರ ಕೆಲಸ ಹೋದೀತೆಂದು ಒಪ್ಪದೆ ಸೀಸನ್ ಮುಗಿಸಿಕೊಟ್ಟರು. ತಾವು ಬದುಕಿರುವವರೆಗೆ ವಿಷಯ ಗುಟ್ಟಾಗಿರಲಿ, ಆಮೇಲೆ ತಿಳಿಯಲಿ ಎಂಬುದು ಅವರದೇ ಇಚ್ಛೆಯಾಗಿತ್ತು.

ಈ ಸಂಗತಿಯ ಬೆಳಕಿನಲ್ಲಿ 1994ರ ಚರ್ಚೆಗಳನ್ನು ಮತ್ತೆ ಓದಬೇಕಾಗುತ್ತದೆ. ಎಲ್ಲವನ್ನೂ ಬಿಚ್ಚಿ ಹೇಳುವ, ಬಜೆಟ್ಟಿನಿಂದ ಹಿಡಿದು ಕಂಪ್ಯೂಟರ್ ಗ್ರಾಫಿಕ್ಸ್‌ವರೆಗೆ ಏನು ಕೇಳಿದರೂ ವಿವರಿಸುವ ಲೇಖಕನೆಂದೇ ಸ್ಟ್ರಾಝಿನ್ಸ್ಕಿ ಹೆಸರಾಗಿದ್ದರು. ಆ ಮುಕ್ತತೆ ನಿಜವೇ. ಅದರೊಳಗೇ ಸುಮಾರು ಎರಡು ದಶಕ ಒಂದು ಸಂಗತಿಯನ್ನು ಅವರು ಕಾದಿಟ್ಟರು, ನಟನನ್ನು ಕೈಬಿಟ್ಟರೆಂಬ ಊಹಾಪೋಹಗಳನ್ನು ಸಹಿಸಿಕೊಂಡರು. ಆನ್‌ಲೈನ್ ಸಾಮೀಪ್ಯ ಲೇಖಕ ಮತ್ತು ಅಭಿಮಾನಿಯ ನಡುವಿನ ಗೋಡೆಯನ್ನು ಕೆಡವಿತು ಎಂಬ ಮಾತನ್ನು ಎಷ್ಟರಮಟ್ಟಿಗೆ ಒಪ್ಪಬೇಕೆಂಬುದಕ್ಕೆ ಇದೊಂದು ಪ್ರಮಾಣ. ಗೋಡೆ ಬೇರೆಡೆಗೆ ಸರಿಯಿತು, ಅಷ್ಟೆ. ಸರಿದ ಗೋಡೆ ಎಲ್ಲಿದೆಯೆಂದು ಚರ್ಚೆಯಲ್ಲಿದ್ದವರಿಗೆ ಕಾಣಿಸುವಂತಿರಲಿಲ್ಲ.

ಆಡದ ಮಾತನ್ನು ಸಂಶೋಧಕರು ಹುಡುಕುವುದಾದರೂ ಹೇಗೆ? ಆಕರಗಳ ಸ್ಥಿತಿ ಇದಕ್ಕೆ ಪೂರಕವಾಗಿಲ್ಲ. ಅಭಿಮಾನಿಗಳೇ ಕಟ್ಟಿದ ‘ಲರ್ಕರ್ಸ್ ಗೈಡ್’ ಕಂತುವಾರು ವಿವರಗಳ ಜೊತೆಗೆ ಸ್ಟ್ರಾಝಿನ್ಸ್ಕಿಯವರ ಉತ್ತರಗಳನ್ನೂ ಸಂಗ್ರಹಿಸಿಟ್ಟಿದೆ. ಅದಿಲ್ಲದಿದ್ದರೆ ನಮಗೆ ಉಳಿಯುತ್ತಿದ್ದದ್ದು ತೀರ ಕಡಿಮೆ. ಆದರೆ ಅಲ್ಲಿ ಉತ್ತರಗಳು ವಿಸ್ತಾರವಾಗಿವೆ, ಪ್ರಶ್ನೆಗಳು ಒಂದು ಸಾಲಿಗೆ ಇಳಿದಿವೆ ಅಥವಾ ಇಲ್ಲವೇ ಇಲ್ಲ. ಸಂವಾದದ ಅರ್ಧ ಭಾಗ ಮಾತ್ರ ಸುಲಭವಾಗಿ ಸಿಗುತ್ತದೆ. ಜೀನಿ ಸೇವೆ 1999ರ ಕೊನೆಗೆ ಮುಚ್ಚಿತು. ಯೂಸ್‌ನೆಟ್ ಸಂದೇಶಗಳನ್ನು 1995ರಿಂದ ಸಂಗ್ರಹಿಸಿದ ಡೇಜಾ ನ್ಯೂಸ್‌ನ ಭಂಡಾರ 2001ರಲ್ಲಿ ಗೂಗಲ್‌ನ ಕೈಸೇರಿತು. 2024ರ ಫೆಬ್ರವರಿಯಿಂದ ಗೂಗಲ್ ಗ್ರೂಪ್ಸ್ ಯೂಸ್‌ನೆಟ್‌ನ ಹೊಸ ಸಂದೇಶಗಳನ್ನು ಪಡೆಯುತ್ತಿಲ್ಲ, ಹಳೆಯವು ಮಾತ್ರ ಹುಡುಕಲು ಸಿಗುತ್ತವೆ.

ಆ ಭಂಡಾರದಲ್ಲೂ ಒಂದು ತೆರಪಿದೆ, ಅದು ಬೇಕೆಂದೇ ಬಿಟ್ಟದ್ದು. ಡೇಜಾ ನ್ಯೂಸ್ ಬಂದ ಮೇಲೆ ಅನೇಕರು ತಮ್ಮ ಸಂದೇಶದ ತಲೆಸಾಲುಗಳಲ್ಲಿ ‘ಎಕ್ಸ್-ನೋ-ಆರ್ಕೈವ್: ಯೆಸ್’ ಎಂದು ಸೇರಿಸತೊಡಗಿದರು. ಇಂದು ಓದಿ, ನಾಳೆಗೆ ಇಡಬೇಡಿ ಎಂಬ ಕೋರಿಕೆ ಅದು. ಸಂಗ್ರಹಕಾರರು ಅದನ್ನು ಮನ್ನಿಸಿದರು. ಆದರೆ ಯೂಸ್‌ನೆಟ್‌ನಲ್ಲಿ ಉತ್ತರಿಸುವವರು ಹಿಂದಿನ ಸಂದೇಶವನ್ನು ಸಾಲುಸಾಲಾಗಿ ಬಾಣದ ಗುರುತಿನೊಂದಿಗೆ ಉದ್ಧರಿಸಿಕೊಂಡು ಅದರ ಕೆಳಗೆ ತಮ್ಮ ಮಾತು ಬರೆಯುತ್ತಿದ್ದರು. ಹೀಗಾಗಿ, ಉಳಿಸಬೇಡಿ ಎಂದು ಕೇಳಿಕೊಂಡವರ ಮಾತು ಬೇರೊಬ್ಬರ ಉತ್ತರದೊಳಗೆ ತುಂಡುತುಂಡಾಗಿ ಉಳಿದಿದೆ. ಒಗಟುಗಳ ಬಗೆಗಿನ ಊಹೆಗಳು, ಒ’ಹೇರ್ ಕುರಿತ ಕಳವಳ, ಬ್ರಿಟನ್ನಿನವರ ಮೇಲಿನ ಮುನಿಸು ಎಲ್ಲವನ್ನೂ ಈ ತುಂಡುಗಳಿಂದ ಮತ್ತೆ ಜೋಡಿಸಲು ಸಾಧ್ಯ. ಜೋಡಿಸಿದ್ದನ್ನು ಹೆಸರು ಸಮೇತ ಅಚ್ಚು ಹಾಕುವುದು ಬೇರೆ ಸಂಗತಿ. ಈ ಲೇಖನದಲ್ಲಿ ಯಾವ ಅಭಿಮಾನಿಯ ಹೆಸರೂ, ಯಾವ ಸಂದೇಶದ ಸಾಲೂ ಇಲ್ಲದಿರುವುದು ಆ ಕೋರಿಕೆಯ ಕಾರಣದಿಂದ. ಮುಂದೆ ಇದೇ ಆಕರಗಳನ್ನು ಬಳಸುವವರೂ ತಲೆಸಾಲುಗಳನ್ನು ಮೊದಲು ಓದಿ, ಆಮೇಲೆ ಸಂದೇಶಕ್ಕೆ ಬರಬೇಕೆಂದು ಕೇಳಿಕೊಳ್ಳುತ್ತೇನೆ.