ಮಧುಗಿರಿ ಸೀಮೆಗೆ ಹತ್ತಿರದ ವಿಮಾನ ನಿಲ್ದಾಣಗಳು: ದೂರ ಮತ್ತು ಹಾರಾಟದ ಅವಧಿ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಪ್ರಯಾಣಿಕ ವಿಮಾನ ನಿಲ್ದಾಣವಿಲ್ಲ. 2008ರಲ್ಲಿ ಆರಂಭವಾದ ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವೇ ಆಸರೆ. ನೇರ ರೇಖೆಯಲ್ಲಿ ಅದು ಕೊರಟಗೆರೆಗೆ ಸುಮಾರು 60 ಕಿ.ಮೀ., ಮಧುಗಿರಿಗೆ 75. ಶಿರಾ, ಪಾವಗಡಗಳಿಗೆ ನೂರು ಮೀರುತ್ತದೆ. ರಸ್ತೆಯ ದೂರ ಇನ್ನೂ ಹೆಚ್ಚು.

ಆಂಧ್ರದ ನೆಲ ಬಹುಪಾಲು ಸುತ್ತುವರಿದಿರುವ ಪಾವಗಡಕ್ಕೆ ಮಾತ್ರ 1990ರಲ್ಲಿ ಆರಂಭವಾದ ಪುಟ್ಟಪರ್ತಿ ನಿಲ್ದಾಣ ಹತ್ತಿರ, ಸುಮಾರು 55 ಕಿ.ಮೀ. ಆದರೆ ಹತ್ತಿರವಿದ್ದೂ ಉಪಯೋಗ ಕಡಿಮೆ. ಅದು ಹೆಚ್ಚಾಗಿ ಬಾಡಿಗೆ ಮತ್ತು ಖಾಸಗಿ ವಿಮಾನಗಳದ್ದು.

ಈ ಎರಡು ನಿಲ್ದಾಣಗಳ ನಡುವಿನ ದೇವನಹಳ್ಳಿ–ಪುಟ್ಟಪರ್ತಿ ವಾಯುಮಾರ್ಗ ಸುಮಾರು 105 ಕಿ.ಮೀ. ಗಂಟೆಗೆ 500 ಕಿ.ಮೀ. ವೇಗದಲ್ಲಿ ಲೆಕ್ಕಕ್ಕೆ 13 ನಿಮಿಷ ಸಾಕು. ಮೇಲೇರುವಾಗ, ಕೆಳಗಿಳಿಯುವಾಗ ಆ ವೇಗ ಇರುವುದಿಲ್ಲ, ಇಳಿಯಲು ಸರದಿಯೂ ಕಾಯಬೇಕು. ಹೀಗಾಗಿ ವಾಸ್ತವದ ಅವಧಿ ಅರ್ಧ ಗಂಟೆಯ ಆಸುಪಾಸು.