ಮರಳಿ ಬರುವ ಧಾಟಿ: ಪಾರಿಜಾತದ ಹಿಮ್ಮೇಳ ಮತ್ತು ವಿಡಿಯೊ ಗೇಮ್

ಹುಕ್ಕೇರಿ ಸೀಮೆಯ ಹಳ್ಳಿಗಳಲ್ಲಿ ಹಲಗೆಯ ಸದ್ದು ಕೇಳಿಬಂದರೆ ಮನೆಯೊಳಗಿದ್ದವರು ಹೊರಗೆ ಇಣುಕಿ ನೋಡಬೇಕಾಗಿಲ್ಲ. ಮದುವೆಯ ಮೆರವಣಿಗೆಯೋ, ಶವಯಾತ್ರೆಯೋ ಎಂಬುದು ಪೆಟ್ಟಿನ ನಡೆಯಲ್ಲಿಯೇ ಗೊತ್ತಾಗುತ್ತದೆ. ವಾದ್ಯ ಒಂದೇ, ಅದಕ್ಕೆ ಬಿಗಿದ ಚರ್ಮ ಒಂದೇ, ಬಾರಿಸುವ ಕೈಯೂ ಅದೇ ಇರಬಹುದು. ಬದಲಾಗುವುದು ಮುಖ್ಯವಾಗಿ ಪೆಟ್ಟುಗಳ ನಡುವಿನ ಕಾಲಾಂತರ. ಆ ಕಾಲಾಂತರಕ್ಕೆ ಅರ್ಥ ಎಲ್ಲಿಂದ ಬಂತು? ಧ್ವನಿ ತರಂಗದಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ. ಅದೇ ಸಂದರ್ಭದಲ್ಲಿ ಅದೇ ನಡೆಯನ್ನು ಹಿಂದೆ ಹತ್ತಾರು ಸಲ ಕೇಳಿದ ಊರಿನವರ ನೆನಪಿನಲ್ಲಿ ಅದು ಇದೆ.

1990ರ ದಶಕದಲ್ಲಿ ಟಿ.ವಿ.ಗೆ ಜೋಡಿಸಿ ಆಡುವ ಅಗ್ಗದ ವಿಡಿಯೊ ಗೇಮ್ ಪೆಟ್ಟಿಗೆಗಳು ನಮ್ಮ ಪೇಟೆಗಳಿಗೂ ಬಂದವು. ಜಪಾನಿನ ನಿಂಟೆಂಡೊ ಯಂತ್ರದ ನಕಲುಗಳು ಅವು. ಅವುಗಳಲ್ಲಿ ಮಾರಿಯೊ ಆಡಿದ ಮಕ್ಕಳಿಗೂ ಇಂಥದೇ ತಿಳಿವಳಿಕೆ ಬೆಳೆಯಿತು. ಧಾಟಿ ಬದಲಾದರೆ ನೆಲಮಾಳಿಗೆಗೆ ಇಳಿದಂತೆ, ಚುರುಕಾದರೆ ಸಮಯ ಮುಗಿಯುತ್ತ ಬಂದಂತೆ. ಇದನ್ನು ಯಾರೂ ಅವರಿಗೆ ಪಾಠ ಹೇಳಿಕೊಡಲಿಲ್ಲ.

ಹೀಗೆ ಒಂದು ಪಾತ್ರ, ಸ್ಥಳ ಅಥವಾ ಭಾವಕ್ಕೆ ಅಂಟಿಕೊಂಡು ಮತ್ತೆ ಮತ್ತೆ ಬರುವ ಚಿಕ್ಕ ಸಂಗೀತದ ತುಣುಕಿಗೆ ಪಾಶ್ಚಾತ್ಯರು ‘ಲೈಟ್‌ಮೋಟಿಫ್’ ಎನ್ನುತ್ತಾರೆ. ನಾವು ಸೂಚಕ ಧಾಟಿ ಎನ್ನೋಣ. ಜರ್ಮನಿಯ ರಿಚರ್ಡ್ ವ್ಯಾಗ್ನರ್ 1876ರಲ್ಲಿ ಬೈರೂತ್ ಪಟ್ಟಣದಲ್ಲಿ ನಾಲ್ಕು ಸಂಗೀತ ನಾಟಕಗಳ ಮಾಲೆಯನ್ನು ಇಡಿಯಾಗಿ ರಂಗಕ್ಕೆ ತಂದಾಗ ಈ ತಂತ್ರ ಹೆಸರುವಾಸಿಯಾಯಿತು. ವಿಡಿಯೊ ಗೇಮ್ ಸಂಗೀತದ ಚರಿತ್ರೆಯನ್ನು ಸಾಮಾನ್ಯವಾಗಿ ಇಲ್ಲಿಂದ ಆರಂಭಿಸಿ, ಸಿನಿಮಾದ ಮೂಲಕ ಗಣಕಕ್ಕೆ ತಂದು ನಿಲ್ಲಿಸುತ್ತಾರೆ. ಈ ವಂಶಾವಳಿ ತಪ್ಪಲ್ಲ, ಆದರೆ ಅರೆಬರೆ. ವ್ಯಾಗ್ನರನ ವಾದ್ಯವೃಂದ ಬರೆದಿಟ್ಟ ಸ್ವರಲಿಪಿಯ ಹಾದಿಯಲ್ಲಿಯೇ ನಡೆಯುತ್ತದೆ. ಸಿನಿಮಾದಲ್ಲಂತೂ ಸಂಗೀತ ಚಿತ್ರದ ಸುರುಳಿಯ ಮೇಲೆಯೇ ಅಚ್ಚಾಗಿರುತ್ತದೆ. ಆಟದಲ್ಲಿ ಹಾಗಲ್ಲ. ಆಡುವವನು ಬಾಗಿಲ ಮುಂದೆ ಎರಡು ನಿಮಿಷ ಸುಮ್ಮನೆ ನಿಂತರೆ ಸಂಗೀತವೂ ಅಲ್ಲಿಯೇ ಕಾಯಬೇಕು. ಕಾಯುವ ಸಂಗೀತದ ಮಾದರಿ ಬೇಕಿದ್ದರೆ ಗೋಕಾಕ ಸೀಮೆಯಲ್ಲಿಯೇ ಒಂದಿದೆ.

ಅದು ಶ್ರೀಕೃಷ್ಣ ಪಾರಿಜಾತ. ಮೂಲ ಕೃತಿ ಅಪರಾಳ ತಮ್ಮಣ್ಣನದು. ಅದನ್ನು ಬೆಳೆಸಿ, ರಂಗಕ್ಕೆ ಒಗ್ಗಿಸಿ ಜನರ ನಾಲಗೆಯ ಮೇಲೆ ಇರಿಸಿದವನು ಕುಲಗೋಡ ತಮ್ಮಣ್ಣ ಎಂದು ವಿದ್ವಾಂಸರು ಗುರುತಿಸುತ್ತಾರೆ. ಕುಲಗೋಡ ಇರುವುದು ಗೋಕಾಕ ತಾಲ್ಲೂಕಿನಿಂದ ಬೇರೆಯಾದ ಮೂಡಲಗಿ ತಾಲ್ಲೂಕಿನಲ್ಲಿ. ಸಮೀಪದ ಕೌಜಲಗಿಯ ನಿಂಗಮ್ಮ ಈ ಆಟದ ಹೆಸರಾಂತ ಕಲಾವಿದೆ. ಕಥೆ ಸರಳ. ನಾರದ ತಂದ ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಮುನಿಯುತ್ತಾಳೆ. ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಜನ ಬರುವುದು ಮುಂದೇನಾಯಿತೆಂದು ತಿಳಿಯಲಿಕ್ಕಲ್ಲ, ಪದ ಕೇಳಲಿಕ್ಕೆ.

ಹಾರ್ಮೋನಿಯಂ, ತಬಲಾ, ತಾಳಗಳ ಹಿಮ್ಮೇಳದ ಕೆಲಸವನ್ನು ಗಮನಿಸಿರಿ. ಪಾತ್ರಧಾರಿ ಪದದ ಒಂದು ನುಡಿ ಹಾಡುತ್ತಾನೆ, ಹಿಮ್ಮೇಳದವರು ಅದನ್ನು ಎತ್ತಿಕೊಂಡು ಮತ್ತೆ ಹಾಡುತ್ತಾರೆ. ಆ ಅವಧಿಯಲ್ಲಿ ಪಾತ್ರಧಾರಿ ಕುಣಿಯಬಹುದು, ಉಸಿರು ತೆಗೆದುಕೊಳ್ಳಬಹುದು. ಜನ ‘ಒನ್ಸ್ ಮೋರ್’ ಎಂದರೆ ಪದ ಮತ್ತೆ ಮೊದಲಿಗೆ ಬರುತ್ತದೆ. ನಡುವೆ ಯಾರೋ ಆಯೇರಿ ಮಾಡಿದರೆ, ಅವರ ಹೆಸರು ಕೂಗಿ ಮುಗಿಯುವವರೆಗೂ ಹಾರ್ಮೋನಿಯಂ ಸ್ವರ ಹಿಡಿದುಕೊಂಡಿರುತ್ತದೆ. ಸತ್ಯಭಾಮೆಯ ಮುನಿಸು ಒಂದು ರಾತ್ರಿ ಹತ್ತು ನಿಮಿಷ, ಇನ್ನೊಂದು ರಾತ್ರಿ ಅರ್ಧ ಗಂಟೆ. ಧಾಟಿ ಅದೇ, ಅದರ ಉದ್ದವನ್ನು ನಿರ್ಧರಿಸುವುದು ರಂಗದ ಮೇಲಿನ ಮತ್ತು ಮುಂದಿನ ಜನ. ಇರುಳು ಕಳೆದಂತೆ ಧಾಟಿ ಮರಳಿ ಮರಳಿ ಬಂದು, ಹಾರ್ಮೋನಿಯಂನ ಮೊದಲ ನಾಲ್ಕು ಸ್ವರ ಕೇಳಿದರೆ ಸಾಕು, ಬರಲಿರುವ ಭಾವ ಮನಸ್ಸಿನಲ್ಲಿ ಮೂಡುವಂತಾಗುತ್ತದೆ.

ಇದನ್ನು ಯಂತ್ರದಿಂದ ಮಾಡಿಸುವುದು ಹೇಗೆ? ಮೊದಲ ಉತ್ತರ ಅರ್ಧ ಆಕಸ್ಮಿಕ. 1978ರಲ್ಲಿ ಟೈಟೊ ಕಂಪನಿಗಾಗಿ ತೊಮೊಹಿರೊ ನಿಶಿಕಾಡೊ ರಚಿಸಿದ ‘ಸ್ಪೇಸ್ ಇನ್ವೇಡರ್ಸ್’ ಆಟದಲ್ಲಿ 55 ಶತ್ರುಗಳು ಸಾಲಾಗಿ ಇಳಿದು ಬರುತ್ತವೆ. ಪ್ರೊಸೆಸರ್ ಅವನ್ನು ಒಂದಾದ ಮೇಲೊಂದರಂತೆ ಸರಿಸುತ್ತಿತ್ತು. ಕೆಲವು ಸತ್ತರೆ ಸರಿಸಬೇಕಾದವುಗಳ ಸಂಖ್ಯೆ ಕಡಿಮೆಯಾಗಿ ಉಳಿದವು ತಾವಾಗಿಯೇ ವೇಗ ಪಡೆಯುತ್ತಿದ್ದವು. ನಿಶಿಕಾಡೊ ಇದನ್ನು ತಿದ್ದದೆ ಹಾಗೆಯೇ ಉಳಿಸಿಕೊಂಡರು. ಹಿನ್ನೆಲೆಯ ಧಾಟಿ ಎಂದರೆ ಮಂದ್ರದಲ್ಲಿ ಇಳಿಯುವ ನಾಲ್ಕೇ ಸ್ವರ. ಶತ್ರುಗಳು ಕಡಿಮೆಯಾದಂತೆ ಅದೂ ಎದೆಬಡಿತದ ಹಾಗೆ ಚುರುಕಾಗುತ್ತಿತ್ತು. ಹಲಗೆಯ ಪೆಟ್ಟಿನಂತೆ ಇಲ್ಲಿಯೂ ಕಾಲಾಂತರವೇ ಅರ್ಥ.

1985ರ ‘ಸೂಪರ್ ಮಾರಿಯೊ ಬ್ರದರ್ಸ್’ಗೆ ಸಂಗೀತ ಕೊಟ್ಟವರು ಕೋಜಿ ಕೊಂಡೊ. ಯಂತ್ರದಲ್ಲಿದ್ದ ಧ್ವನಿ ವಾಹಿನಿಗಳು ಐದು: ಎರಡು ಚೌಕ ತರಂಗ, ಒಂದು ತ್ರಿಕೋನ ತರಂಗ, ಒಂದು ಗದ್ದಲ, ಒಂದು ಚಿಕ್ಕ ಧ್ವನಿಮುದ್ರಿಕೆಗಳಿಗೆ. ಆಟದ ಚಿತ್ರ, ನಿಯಮ, ಸಂಗೀತ ಎಲ್ಲ ಸೇರಿ 40 ಕಿಲೋಬೈಟ್. ಇದು ಎಷ್ಟು ಕಡಿಮೆ ಎಂಬುದನ್ನು ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು. ಸಿ.ಡಿ.ಯಲ್ಲಿ ಪ್ರತಿ ಸೆಕೆಂಡಿಗೆ 44,100 ಮಾದರಿಗಳು, ಒಂದೊಂದಕ್ಕೆ 2 ಬೈಟ್, ಎಡ ಬಲ ಸೇರಿ 1,76,400 ಬೈಟ್. ಅಂದರೆ 40 ಕಿಲೋಬೈಟಿನಲ್ಲಿ ಹಿಡಿಸುವುದು ಕಾಲು ಸೆಕೆಂಡಿಗಿಂತ ಕಡಿಮೆ ಸಂಗೀತ!

ಆದ್ದರಿಂದ ಅಲ್ಲಿ ಧ್ವನಿಯನ್ನು ಇಡಲಿಲ್ಲ, ಸ್ವರದ ಎತ್ತರ ಎಷ್ಟು, ಎಷ್ಟು ಹೊತ್ತು ಎಂಬ ಅಂಕಿಗಳನ್ನಷ್ಟೇ ಇಟ್ಟರು. ಅದನ್ನು ಓದಿ ಯಂತ್ರವೇ ಹಾಡುತ್ತಿತ್ತು. ಹಿಮ್ಮೇಳದವನ ನೆನಪೂ ಬಹುಮಟ್ಟಿಗೆ ಹೀಗೆಯೇ: ಅವನ ತಲೆಯಲ್ಲಿರುವುದು ಮುದ್ರಿಕೆಯಲ್ಲ, ಧಾಟಿ. ಜಾಗ ಕಡಿಮೆ ಇದ್ದುದರಿಂದ ಧಾಟಿ ಮರುಕಳಿಸಲೇಬೇಕಾಯಿತು, ಮರುಕಳಿಸಿದ್ದರಿಂದ ಸಂಕೇತವಾಯಿತು. ಗಡಿಯಾರ 100ಕ್ಕಿಂತ ಕೆಳಗೆ ಬಂದರೆ ಅದೇ ಅಂಕಿಗಳನ್ನು ಬೇಗ ಓದಿದರಾಯಿತು. ಈ ಧಾಟಿಯನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2023ರಲ್ಲಿ ರಾಷ್ಟ್ರೀಯ ಧ್ವನಿಮುದ್ರಿಕೆಗಳ ಪಟ್ಟಿಗೆ ಸೇರಿಸಿತು. ಆ ಪಟ್ಟಿಯಲ್ಲಿ ವಿಡಿಯೊ ಗೇಮ್ ಸಂಗೀತಕ್ಕೆ ಅದೇ ಮೊದಲ ಜಾಗ.

ಪಾರಿಜಾತದ ಹಿಮ್ಮೇಳಕ್ಕೆ ತೀರ ಹತ್ತಿರ ಬಂದದ್ದು 1991ರಲ್ಲಿ. ಲ್ಯೂಕಾಸ್ ಆರ್ಟ್ಸ್ ಕಂಪನಿಯ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕಾನೆಲ್ ‘ಐಮ್ಯೂಸ್’ ಎಂಬ ತಂತ್ರಾಂಶ ರೂಪಿಸಿ ‘ಮಂಕಿ ಐಲೆಂಡ್ 2’ ಆಟದಲ್ಲಿ ಬಳಸಿದರು. ಸಂಗೀತದ ನಡುವೆ ಅಲ್ಲಲ್ಲಿ ಗುರುತುಗಳಿರುತ್ತವೆ. ಗುರುತು ಬಂದಾಗ ತಂತ್ರಾಂಶ ಕೇಳುತ್ತದೆ: ಆಡುವವನು ಎಲ್ಲಿದ್ದಾನೆ? ಅಲ್ಲಿಯೇ ಇದ್ದರೆ ಹಿಂದಕ್ಕೆ ಹೋಗು, ಅಂಗಡಿಯೊಳಗೆ ಹೋಗಿದ್ದರೆ ತಾಳ ತಪ್ಪದಂತೆ ಇನ್ನೊಂದು ರೂಪಕ್ಕೆ ಹೊರಳು. ಆ ಆಟದ ಹಳ್ಳಿಯೊಂದರಲ್ಲಿ ಒಂದೇ ಧಾಟಿ ಮನೆಯಿಂದ ಮನೆಗೆ ವೇಷ ಬದಲಿಸುತ್ತದೆ. ಹಾರ್ಮೋನಿಯಂ ಮಾಸ್ತರರು ಕಣ್ಣಂಚಿನಲ್ಲಿ ಪಾತ್ರಧಾರಿಯನ್ನು ನೋಡಿಕೊಂಡು ಮಾಡುವುದು ಇದನ್ನೇ. ಮುಂದೆ ಆಟಗಳು ಸಿ.ಡಿ.ಯಲ್ಲಿ ಬರತೊಡಗಿದಾಗ ಧ್ವನಿಯ ಗುಣಮಟ್ಟ ಏರಿತು, ಆದರೆ ಅಚ್ಚಾದ ಧ್ವನಿಗೆ ಈ ಬಾಗುವ ಗುಣ ಇರಲಿಲ್ಲ. ಅದನ್ನು ಮರಳಿ ಪಡೆಯಲು ಬೇರೆ ಉಪಾಯ ಹುಡುಕಬೇಕಾಯಿತು.

1998ರ ‘ಜೆಲ್ಡಾ: ಒಕರಿನಾ ಆಫ್ ಟೈಮ್’ನಲ್ಲಿ ಆಡುವವನೇ ಧಾಟಿ ನುಡಿಸುತ್ತಾನೆ. ಐದು ಗುಂಡಿ, ಐದು ಸ್ವರ. ಮೊದಲು ಕಲಿಯುವ ಧಾಟಿಗಳು ಮೂರು ಸ್ವರಗಳ ಗುಂಪನ್ನು ಎರಡು ಸಲ ನುಡಿಸುವಂಥವು. ಸಾಧ್ಯವಿರುವ ಗುಂಪುಗಳು 5×5×5, ಅಂದರೆ 125. ಅಷ್ಟರಲ್ಲಿ ಕೆಲವಕ್ಕೆ ಮಾತ್ರ ಅರ್ಥವುಂಟು. ರಾಜಮನೆತನದ ಜೋಗುಳವನ್ನು ಒಂದು ಜಲಪಾತದ ಮುಂದೆ ನುಡಿಸಿದರೆ ನೀರು ಸರಿದು ದಾರಿ ಬಿಡುತ್ತದೆ. ಗೋಕಾಕ ಫಾಲ್ಸ್ ನೋಡಿದವರಿಗೆ ಈ ಕಲ್ಪನೆ ಇನ್ನಷ್ಟು ಸೊಗಸೆನಿಸೀತು. ಜೋಗುಳ ಇಲ್ಲಿ ಭಾವದ ಸಂಕೇತವೂ ಹೌದು, ಬೀಗದ ಕೈಯೂ ಹೌದು.

ಆಟಗಳಲ್ಲಿ ಧಾಟಿ ಯಾವಾಗ ಹೊರಳಬೇಕೆಂಬ ನಿಯಮಗಳು ತಂತ್ರಾಂಶದಲ್ಲಿ ಬರೆದಿರುತ್ತವೆ. ಪಾರಿಜಾತದ ನಿಯಮಗಳು ಹಿಮ್ಮೇಳದವರ ಕಿವಿಯಲ್ಲಿ, ಕೈಯಲ್ಲಿ ಇವೆ. ರಾತ್ರಿಯಿಡೀ ನಡೆಯುತ್ತಿದ್ದ ಆಟವನ್ನು ಉತ್ಸವದ ವೇದಿಕೆಗಾಗಿ ಒಂದೆರಡು ಗಂಟೆಗೆ ಇಳಿಸಿದಾಗ ಪದಗಳು ಉಳಿಯುತ್ತವೆ, ಮರುಕಳಿಕೆ ಹೋಗುತ್ತದೆ. ಒಂದೇ ಸಲ ಕೇಳಿದ ಧಾಟಿ ಯಾವುದರ ಸಂಕೇತವೂ ಆಗಲಾರದು. ಐದು ನಿಮಿಷದ ಧ್ವನಿಮುದ್ರಿಕೆಯಲ್ಲಿಯೂ ಸಿ.ಡಿ.ಯ ಆಟಗಳ ಕೊರತೆಯೇ ಇರುತ್ತದೆ: ಸ್ವರವಿದೆ, ಹೊರಳುವ ನಿಯಮವಿಲ್ಲ.

ಗೋಕಾಕ, ಮೂಡಲಗಿ, ಹುಕ್ಕೇರಿಯ ಶಾಲೆ ಕಾಲೇಜುಗಳ ವಿಜ್ಞಾನ ಸಂಘಗಳಿಗೆ ಇದು ಒಳ್ಳೆಯ ಪ್ರಾಜೆಕ್ಟ್. ಕಲಾವಿದರ ಒಪ್ಪಿಗೆ ಪಡೆದು ಒಂದು ಇಡೀ ರಾತ್ರಿಯ ಆಟ ಆರಿಸಿಕೊಳ್ಳಿರಿ. ಒಂದು ಮೊಬೈಲನ್ನು ರಂಗದ ಕಡೆಗೆ, ಇನ್ನೊಂದನ್ನು ಹಿಮ್ಮೇಳದ ಕಡೆಗೆ ಇಟ್ಟು, ಎರಡೂ ಮುದ್ರಿಕೆಗಳನ್ನು ಮುಂದೆ ಹೊಂದಿಸಲು ಆರಂಭದಲ್ಲಿ ಒಂದು ಚಪ್ಪಾಳೆ ತಟ್ಟಿರಿ. ‘ಅಡಾಸಿಟಿ’ಯಂಥ ಉಚಿತ ತಂತ್ರಾಂಶದಲ್ಲಿ ತರಂಗವನ್ನು ತೆರೆದು, ಒಂದು ಧಾಟಿ ಎಷ್ಟು ಸಲ ಮರಳಿತು, ಪ್ರತಿ ಸಲ ಎಷ್ಟು ಸೆಕೆಂಡ್ ನಿಂತಿತು ಎಂದು ಬರೆದುಕೊಳ್ಳಿರಿ. ಆಮೇಲೆ ಆ ಪಟ್ಟಿ ಹಿಡಿದು ಹಾರ್ಮೋನಿಯಂ ಮಾಸ್ತರರ ಬಳಿ ಹೋಗಿ, ಪ್ರತಿ ಹೊರಳಿನಲ್ಲಿಯೂ ಅವರು ಏನು ಕಂಡು ಹೊರಳಿದರೆಂದು ಕೇಳಿರಿ.