ಹಿರಿಯರ ಆರೋಗ್ಯದ ಅಧ್ಯಯನ: ಮೈಸೂರು ಜಿಲ್ಲೆಯ ಚರಿತ್ರೆ

ಅರವತ್ತು ದಾಟಿದವರ ದೇಹ, ಮನಸ್ಸು, ನೆನಪಿನ ಶಕ್ತಿ, ದುಡಿಮೆ ಮತ್ತು ಮನೆಯವರ ಆಸರೆಯನ್ನು ವರ್ಷಗಟ್ಟಲೆ ಗಮನಿಸಿ ಅಳೆಯುವ ಸಂಶೋಧನಾ ಶಾಖೆ. ಅಭಿವೃದ್ಧಿಶೀಲ ದೇಶಗಳಲ್ಲಿ ಇದು ಬೆಳೆದುಬಂದ ದಾರಿಯಲ್ಲಿ ಮೈಸೂರಿಗೆ ಪ್ರಮುಖ ಸ್ಥಾನವಿದೆ. ನಗರದ ಒಂದು ಆಸ್ಪತ್ರೆ ಜೋಪಾನ ಮಾಡಿದ ಹೆರಿಗೆ ದಾಖಲೆಗಳು ಇಲ್ಲಿನ ಸಂಶೋಧನೆಗೆ ಅಡಿಪಾಯ. ಅಂಥ ದಾಖಲೆಯೇ ಇಲ್ಲದ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ಹಳ್ಳಿ, ಬುಡಕಟ್ಟು ಹಾಡಿಗಳಲ್ಲಿ ಅದೇ ಕೆಲಸಕ್ಕೆ ಬೇರೆ ಉಪಾಯಗಳೇ ಬೇಕಾಗುತ್ತವೆ.

ಹಿನ್ನೆಲೆ

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಭಾರತೀಯರ ಸರಾಸರಿ ಆಯಸ್ಸು ಸುಮಾರು 32 ವರ್ಷ. ಮುಪ್ಪು ಆಗ ಸರ್ಕಾರದ ಚಿಂತೆಯಾಗಿರಲಿಲ್ಲ. ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ 1951–52ರಲ್ಲಿ ಮೈಸೂರು ರಾಜ್ಯದಲ್ಲಿ ನಡೆಸಿದ ಹೆಸರಾಂತ ಜನಸಂಖ್ಯಾ ಸಮೀಕ್ಷೆಯ ವರದಿ 1961ರಲ್ಲಿ ಹೊರಬಂತು. ಅದರ ಮುಖ್ಯ ಆಸಕ್ತಿ ಎಷ್ಟು ಮಕ್ಕಳು ಹುಟ್ಟುತ್ತಾರೆ ಎಂಬುದರಲ್ಲಿತ್ತು.

ವೃದ್ಧಾಪ್ಯ ಕುರಿತ ಮೊದಲ ಜಾಗತಿಕ ಸಮ್ಮೇಳನ 1982ರಲ್ಲಿ ವಿಯೆನ್ನಾದಲ್ಲಿ ಸೇರಿತು. ಭಾರತ ತನ್ನ ಹಿರಿಯರ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿದ್ದು 1999ರಲ್ಲಿ. 2011ರ ಜನಗಣತಿಯ ಹೊತ್ತಿಗೆ ದೇಶದಲ್ಲಿ 60 ದಾಟಿದವರು 10 ಕೋಟಿ ಮೀರಿದ್ದರು. ಕರ್ನಾಟಕದ ಜನಸಂಖ್ಯೆಯಲ್ಲಿ ಅವರ ಪಾಲು ಶೇ. 9.5ರಷ್ಟಿತ್ತು, ದೇಶದ ಸರಾಸರಿಗಿಂತ ತುಸು ಹೆಚ್ಚು.

ಮಿಷನ್ ಆಸ್ಪತ್ರೆಯ ದಾಖಲೆಗಳು

ಮೈಸೂರಿನ ಮಂಡಿ ಮೊಹಲ್ಲಾದ ಸಿಎಸ್‌ಐ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಊರಿನವರ ಬಾಯಲ್ಲಿ ಇಂದಿಗೂ ‘ಮಿಷನ್ ಆಸ್ಪತ್ರೆ’. 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ, ಅದರ ಜೊತೆಗೆ ತಾಯಿಯ ತೂಕ ಮತ್ತು ಸೊಂಟದ ಮೂಳೆಯ ಅಳತೆ ದಾಖಲಾಗಿ ಉಳಿದಿವೆ. ಹೆರಿಗೆ ಸುಸೂತ್ರವಾಗಲೆಂದು ತೆಗೆದ ಆ ಅಳತೆಗಳು ಅರ್ಧ ಶತಮಾನದ ನಂತರ ಹೃದ್ರೋಗದ ಸಂಶೋಧನೆಗೆ ಒದಗಿದವು.

ಅದಕ್ಕೆ ಕಾರಣವಾದದ್ದು ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿದ್ದ ವೈದ್ಯ ಡೇವಿಡ್ ಬಾರ್ಕರ್ ಮುಂದಿಟ್ಟ ವಾದ. ಗರ್ಭದಲ್ಲಿ ಪೋಷಣೆ ಸಾಲದೆ ಸಣ್ಣದಾಗಿ ಹುಟ್ಟಿದ ಮಗುವಿಗೆ ಮುಂದೆ ಹೃದಯದ ಕಾಯಿಲೆ ಬರುವ ಸಂಭವ ಹೆಚ್ಚು ಎಂದು ಅವರು 1980ರ ದಶಕದಲ್ಲಿ ಹೇಳಿದರು. ಹರ್ಟ್‌ಫರ್ಡ್‌ಶೈರ್‌ನ ದಾದಿಯರು ಬರೆದಿಟ್ಟಿದ್ದ ಹಳೆಯ ಲೆಡ್ಜರುಗಳು ಅವರಿಗೆ ಆಧಾರವಾಗಿದ್ದವು. ಕಡಿಮೆ ತೂಕದ ಕೂಸುಗಳು ಸಾಮಾನ್ಯವಾದ, ಹೃದ್ರೋಗವೂ ಏರುತ್ತಿದ್ದ ಭಾರತದಲ್ಲಿ ಈ ವಾದ ನಿಲ್ಲುತ್ತದೆಯೇ? ಪರೀಕ್ಷಿಸಲು ಅಷ್ಟೇ ಹಳೆಯ ದಾಖಲೆ ಬೇಕಿತ್ತು. ಅದು ಮೈಸೂರಿನಲ್ಲಿ ಸಿಕ್ಕಿತು.

1993ರಿಂದ ಸಂಶೋಧಕರು ಆಸ್ಪತ್ರೆಯ ಸುತ್ತಲಿನ ಬಡಾವಣೆಗಳಲ್ಲಿ ಮನೆಮನೆ ತಿರುಗಿ, ಅಲ್ಲೇ ಹುಟ್ಟಿ ಅಲ್ಲೇ ನೆಲೆಸಿದ್ದವರನ್ನು ದಾಖಲೆಯ ಸಾಲುಗಳಿಗೆ ಹೊಂದಿಸಿದರು. 2001ರ ವೇಳೆಗೆ 1934–66ರ ನಡುವೆ ಹುಟ್ಟಿದ 3,427 ಜನ ಪತ್ತೆಯಾಗಿದ್ದರು. ಕ್ಲೇರ್ ಸ್ಟೈನ್, ಕ್ಯಾರೋಲಿನ್ ಫಾಲ್, ಕೆ. ಕುಮಾರನ್ ಮತ್ತು ಸಂಗಡಿಗರು 517 ಜನರನ್ನು ಪರೀಕ್ಷಿಸಿ 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದ ಲೇಖನ ಬಾರ್ಕರ್ ಮಾತನ್ನು ಬೆಂಬಲಿಸಿತು: ಸಣ್ಣದಾಗಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚಾಗಿತ್ತು.

ಸಕ್ಕರೆ ಕಾಯಿಲೆಯ ಲೆಕ್ಕ ಮಾತ್ರ ಬೇರೆಯಾಯಿತು. ಇಂಗ್ಲೆಂಡಿನಲ್ಲಿ ಕಡಿಮೆ ತೂಕದವರಿಗೆ ಅದು ಹೆಚ್ಚಾಗಿ ಕಂಡಿದ್ದರೆ, ಮೈಸೂರಿನಲ್ಲಿ ಉದ್ದ ಕಡಿಮೆಯಿದ್ದು ಮೈ ತುಂಬಿಕೊಂಡು ಹುಟ್ಟಿದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಹೆಚ್ಚಾಗಿತ್ತು. ಬಸಿರಿನಲ್ಲಿ ತಾಯಿಯ ರಕ್ತದ ಸಕ್ಕರೆ ಏರಿದ್ದೇ ಕಾರಣವಿರಬಹುದೇ ಎಂಬ ಅನುಮಾನದಿಂದ 1997–98ರಲ್ಲಿ 830 ಗರ್ಭಿಣಿಯರನ್ನು ಸೇರಿಸಿಕೊಂಡು ‘ಮೈಸೂರು ಪಾರ್ಥೆನಾನ್’ ಅಧ್ಯಯನ ಶುರುವಾಯಿತು. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಆ ಗರ್ಭಿಣಿಯರಿಗೆ ಹುಟ್ಟಿದ ಮಕ್ಕಳ ಬೆಳವಣಿಗೆಯನ್ನು ಹಿಂಬಾಲಿಸುತ್ತ ಬಂದಿದ್ದಾರೆ.

ಹೃದಯದಿಂದ ನೆನಪಿನ ಕಡೆಗೆ

1998ರಲ್ಲಿ ‘10/66’ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಗುಂಪು ಹುಟ್ಟಿತು. ಮರೆಗುಳಿ ಕಾಯಿಲೆಯ, ಅಂದರೆ ಡಿಮೆನ್ಷಿಯಾದ ರೋಗಿಗಳಲ್ಲಿ ಶೇ. 66ರಷ್ಟು ಜನ ಅಭಿವೃದ್ಧಿಶೀಲ ದೇಶಗಳಲ್ಲಿದ್ದರೂ ಸಮುದಾಯದ ನಡುವೆ ನಡೆಯುವ ಸಂಶೋಧನೆಯಲ್ಲಿ ಆ ದೇಶಗಳಿಗೆ ದಕ್ಕುವುದು ಶೇ. 10ಕ್ಕೂ ಕಡಿಮೆ ಎಂಬ ದೂರೇ ಅದರ ಹೆಸರು. 2010ರ ದಶಕದಲ್ಲಿ ಮನೋವೈದ್ಯ ಮುರಳಿ ಕೃಷ್ಣ ಅವರ ಮುಂದಾಳತ್ವದಲ್ಲಿ ಮೈಸೂರಿನ ಹೆರಿಗೆ ದಾಖಲೆಗಳಿಂದ ಪತ್ತೆಯಾಗಿದ್ದ ತಂಡದ 721 ಜನರನ್ನು ಮತ್ತೆ ಹುಡುಕಿ, ಅವರ ಜ್ಞಾಪಕಶಕ್ತಿ ಮತ್ತು ಮನಃಸ್ಥಿತಿಯನ್ನು ಈ ಗುಂಪಿನ ವಿಧಾನದಲ್ಲಿ ಪರೀಕ್ಷಿಸಲಾಯಿತು. ‘ಮೈನಾ’ ಎಂದು ಕರೆಯುವ ಈ ಅಧ್ಯಯನದಲ್ಲಿ ಒಬ್ಬನೇ ವ್ಯಕ್ತಿಯ ಹುಟ್ಟಿನ ತೂಕ, ನಡುವಯಸ್ಸಿನ ರಕ್ತದ ಪರೀಕ್ಷೆ ಮತ್ತು ಇಳಿವಯಸ್ಸಿನ ಬುದ್ಧಿಯ ಚುರುಕು ಒಂದೇ ಕಡತದಲ್ಲಿವೆ. ಅಭಿವೃದ್ಧಿಶೀಲ ದೇಶಗಳಲ್ಲಿ ಇದು ಅಪರೂಪ.

ಓದು ಬಾರದವರ ಪರೀಕ್ಷೆ

ಪಶ್ಚಿಮದಲ್ಲಿ ರೂಢಿಯಲ್ಲಿದ್ದ ನೆನಪಿನ ಪರೀಕ್ಷೆಗಳು ಒಂದು ವಾಕ್ಯ ಬರೆಯಿರಿ, ಚಿತ್ರ ನಕಲು ಮಾಡಿ, ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎನ್ನುತ್ತವೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ಇಂಥಲ್ಲಿ ಸೋತರೆ ಅದು ರೋಗವೋ ಅನಕ್ಷರತೆಯೋ ತಿಳಿಯದು. 10/66 ವಿಧಾನ ಈ ತೊಡಕನ್ನು ಸುತ್ತುಬಳಸಿ ದಾಟುತ್ತದೆ. ಮೊಣಕೈ ತೋರಿಸಿ ಇದೇನು ಎಂದು ಕೇಳುತ್ತಾರೆ. ಸುತ್ತಿಗೆಯಿಂದ ಏನು ಮಾಡುತ್ತಾರೆ, ಸೇತುವೆ ಎಂದರೇನು, ಔಷಧಿ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಗಳಿವೆ. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳಬಲ್ಲಿರಿ? ಹತ್ತು ಪದಗಳನ್ನು ಓದಿಹೇಳಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತಾರೆ. ಬೆಂಕಿ ಬಿದ್ದ ಮನೆಯಿಂದ ಮೂವರು ಮಕ್ಕಳನ್ನು ಒಬ್ಬ ಧೈರ್ಯವಂತ ಕಾಪಾಡಿದ ಪುಟ್ಟ ಕಥೆ ಹೇಳಿ, ಅದನ್ನು ತಿರುಗಿ ಹೇಳಿಸುತ್ತಾರೆ.

ಇದಾದ ಮೇಲೆ ಮನೆಯವರ ಸರದಿ. ಯಜಮಾನರು ಇಟ್ಟ ವಸ್ತು ಮರೆಯುತ್ತಾರೆಯೇ, ಬಟ್ಟೆ ತಾವೇ ಉಡುತ್ತಾರೆಯೇ, ಹಿಂದೆ ಮಾಡುತ್ತಿದ್ದ ಕೆಲಸ ಬಿಟ್ಟರೇ ಎಂದು ಮಗನನ್ನೋ ಸೊಸೆಯನ್ನೋ ಬೇರೆಯಾಗಿ ಕೇಳಿ, ಎರಡೂ ಉತ್ತರ ತಾಳೆ ಹಾಕುತ್ತಾರೆ. “ವಯಸ್ಸಾಯ್ತಲ್ಲ, ಅರಳುಮರಳು” ಎಂದು ಮನೆಯವರು ಬದಿಗೆ ಸರಿಸಿದ ಲಕ್ಷಣಗಳು ಎಷ್ಟೋ ಸಲ ಹೊರಬೀಳುವುದು ಇಲ್ಲೇ.

ನಾಲ್ಕು ತಾಲ್ಲೂಕುಗಳು

ನಗರದ ತಂಡಕ್ಕೆ ಒಂದು ಮಿತಿಯಿದೆ. ಆಸ್ಪತ್ರೆಯಲ್ಲಿ ಹುಟ್ಟಿ, ಬದುಕುಳಿದು, ಮೈಸೂರು ಬಿಡದವರು ಮಾತ್ರ ಅದರಲ್ಲಿದ್ದಾರೆ. 1934–66ರ ಹಳ್ಳಿಗಳಲ್ಲಿ ಹೆರಿಗೆ ಮನೆಯಲ್ಲೇ ಸೂಲಗಿತ್ತಿಯ ಕೈಯಲ್ಲಿ ಆಗುತ್ತಿತ್ತು; ಕೂಸನ್ನು ತೂಗಿ ಬರೆದಿಡುವ ಪದ್ಧತಿ ಇರಲಿಲ್ಲ. ಇಂಥವರ ವಯಸ್ಸು ಗೊತ್ತುಮಾಡಲು ಸಮೀಕ್ಷಕರು ಬಳಸುವುದು ‘ಘಟನೆಗಳ ಕ್ಯಾಲೆಂಡರ್’. ಈ ಸೀಮೆಯಲ್ಲಿ ಅದಕ್ಕೆ ಗುರುತುಗಳು ಸಾಕಷ್ಟಿವೆ: 1940ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ನಿಧನ, 1947ರ ‘ಮೈಸೂರು ಚಲೋ’ ಚಳವಳಿ, 1948ರ ಗಾಂಧಿ ಹತ್ಯೆ. ಆಗ ನೀವು ಕೈಗೂಸೋ, ದನ ಕಾಯುವ ಹುಡುಗನೋ, ಮದುವೆಯಾದವರೋ ಎಂದು ಕೇಳಿದರೆ ವಯಸ್ಸು ಹತ್ತಿರಕ್ಕೆ ಬರುತ್ತದೆ.

ತಾಲ್ಲೂಕುಗಳೂ ಒಂದರಂತೆ ಒಂದಿಲ್ಲ. ಕೆ.ಆರ್. ನಗರ ಕಾವೇರಿ ನಾಲೆಗಳ ಭತ್ತದ ಸೀಮೆ. ಹುಣಸೂರು, ಪಿರಿಯಾಪಟ್ಟಣ ವರ್ಜೀನಿಯಾ ಹೊಗೆಸೊಪ್ಪಿಗೆ ಹೆಸರಾದವು. ಸುಗ್ಗಿಯಲ್ಲಿ ಸೊಪ್ಪು ಕಟ್ಟಿ, ಅದನ್ನು ಹದಮಾಡುವ ಬ್ಯಾರನ್‌ಗೆ ಏರಿಸುವ ಕೆಲಸ ಮನೆಮಂದಿಯನ್ನೆಲ್ಲ ಹಿಡಿಯುತ್ತದೆ. ಅರ್ಧ ಗಂಟೆ ನಿಲ್ಲಬಲ್ಲಿರಾ, ಒಂದು ಕಿಲೋಮೀಟರ್ ನಡೆಯಬಲ್ಲಿರಾ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಪ್ರಶ್ನಾವಳಿಯ ಮಾತು ಇಲ್ಲಿ ಕೂಲಿಯ ಲೆಕ್ಕವೂ ಹೌದು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟನ್ನರು ನೆಲೆಸಿದ್ದಾರೆ. ಹಿಮದ ನಾಡಿನಲ್ಲಿ ಹುಟ್ಟಿ, ಗಡಿ ದಾಟಿ ಬಂದ ತಲೆಮಾರು ಕರ್ನಾಟಕದ ಬಿಸಿಲಲ್ಲಿ ಮುಪ್ಪಾಗಿದೆ.

ಎಚ್.ಡಿ. ಕೋಟೆಯ ಹಾಡಿಗಳಲ್ಲಿ ಜೇನುಕುರುಬ, ಕಾಡುಕುರುಬ, ಯರವ ಸಮುದಾಯಗಳಿವೆ. ಕಬಿನಿ ಅಣೆಕಟ್ಟು ಮತ್ತು ರಾಷ್ಟ್ರೀಯ ಉದ್ಯಾನಗಳಿಂದ ನೆಲೆ ತಪ್ಪಿದ ಕುಟುಂಬಗಳೂ ಇಲ್ಲಿಯವೇ. ಮೈಸೂರಿನ ವೈದ್ಯ ವಿದ್ಯಾರ್ಥಿಗಳಾಗಿದ್ದ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು 1984ರಲ್ಲಿ ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಈ ಭಾಗದಲ್ಲಿ ಕೆಲಸ ಆರಂಭಿಸಿ ಸರಗೂರಿನಲ್ಲಿ ಆಸ್ಪತ್ರೆ ನಡೆಸುತ್ತಿದೆ.

ರಾಜ್ಯ ಮತ್ತು ದೇಶದ ಸಮೀಕ್ಷೆಗಳು

ವಿಶ್ವ ಆರೋಗ್ಯ ಸಂಸ್ಥೆಯ ‘ಸೇಜ್’ ಅಧ್ಯಯನ 2007–08ರಲ್ಲಿ ಭಾರತದ ಆರು ರಾಜ್ಯಗಳನ್ನು ಆರಿಸಿಕೊಂಡಾಗ ಕರ್ನಾಟಕ ಅದರಲ್ಲಿತ್ತು. ದೇಶದ ಅತಿದೊಡ್ಡ ವೃದ್ಧಾಪ್ಯ ಸಮೀಕ್ಷೆ ‘ಲಾಸಿ’ಯ ಪ್ರಾಯೋಗಿಕ ಹಂತ 2010ರಲ್ಲಿ ನಾಲ್ಕು ರಾಜ್ಯಗಳಲ್ಲಿ ನಡೆದಾಗಲೂ ಕರ್ನಾಟಕ ಒಂದಾಗಿತ್ತು. ಲಾಸಿಯ ಮೊದಲ ಸುತ್ತಿನಲ್ಲಿ (2017–18) 45 ದಾಟಿದವರು ಮತ್ತು ಅವರ ಬಾಳಸಂಗಾತಿಗಳು ಸೇರಿ 72,000ಕ್ಕೂ ಹೆಚ್ಚು ಜನರ ಸಂದರ್ಶನವಾಯಿತು. ಕೈಹಿಡಿತದ ಬಲವನ್ನೂ ಬೆರಳ ತುದಿಯ ರಕ್ತದ ಹನಿಯನ್ನೂ ಪರೀಕ್ಷಿಸಲಾಯಿತು. ಅದರ ಉಪಶಾಖೆ 60 ಮೀರಿದವರಲ್ಲಿ ಶೇ. 7.4ರಷ್ಟು ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆಯೆಂದು ಅಂದಾಜು ಮಾಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರಲ್ಲಿ ಹತ್ತು ಸಾವಿರ ಜನರ ಗುರಿಯಿಟ್ಟು ದೀರ್ಘಕಾಲದ ಅಧ್ಯಯನ ಕೈಗೊಂಡಿದೆ.

ಇಂಥ ಸಮೀಕ್ಷೆಗಳು ರಾಜ್ಯ, ದೇಶದ ಲೆಕ್ಕ ಕೊಡುತ್ತವೆ. ಒಂದು ತಾಲ್ಲೂಕಿನ ಮಟ್ಟಕ್ಕೆ ಇಳಿದು ಹೇಳುವಷ್ಟು ಜನರನ್ನು ಅವು ಆರಿಸುವುದಿಲ್ಲ. ಮಿಷನ್ ಆಸ್ಪತ್ರೆಯ ದಾಖಲೆಗಳಿಂದ ಹೆಕ್ಕಿದ ತಂಡದಲ್ಲಿ ಎಲ್ಲರಿಗಿಂತ ಕಿರಿಯರಾದ, 1966ರಲ್ಲಿ ಹುಟ್ಟಿದವರಿಗೆ 2026ರಲ್ಲಿ 60 ತುಂಬುತ್ತದೆ. ಇತ್ತ ತಾಲ್ಲೂಕುಗಳಲ್ಲೂ ಹೆರಿಗೆ ಬಹುಪಾಲು ಆಸ್ಪತ್ರೆಗೆ ಸರಿದಿದ್ದು, ಕೂಸಿನ ಹುಟ್ಟಿನ ತೂಕ ಈಗ ‘ತಾಯಿ ಕಾರ್ಡ್’ನಲ್ಲಿ ದಾಖಲಾಗುತ್ತಿದೆ.